ಮೊಗ್ಗು ಹೊಲಿದ ಸಾಂತವ್ವ

ಭೂಮಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಅಷ್ಟು ಹಿಂದಿನ ಮಾತು ಇದು. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹಳ್ಳಗಳು ಯಾವ ಕಡೆ ಹರಿಯಬೇಕು ಎಂದು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿದ್ದವು. ಗಾಳಿಗೆ ಆಗಷ್ಟೇ ಓಡಲು ಬಂದಿತ್ತು, ಆದರೆ ನಿಲ್ಲಲು ಬರುತ್ತಿರಲಿಲ್ಲ.

ಆ ಕಾಲದಲ್ಲಿ ಹೂವು ಇತ್ತು. ಎಲೆ ಇತ್ತು. ಮೊಗ್ಗು ಮಾತ್ರ ಇರಲಿಲ್ಲ.

ನಗಬೇಡ ಪಾರಿ, ನಿನ್ನ ಅಜ್ಜಿ ನಿಜ ಹೇಳುತ್ತಿದ್ದಾಳೆ. ನಿನ್ನೆ ಸಂಜೆ ಬಚ್ಚಲ ಹಿಂದಿನ ದಾಸವಾಳದ ಮೊಗ್ಗೊಂದನ್ನು ಉಗುರಿನಿಂದ ಬಿಡಿಸಿ, ಒಳಗೆ ಹೂವು ಹುಡುಕಿ, ಸಿಗದೆ, ಒಗೆಯುವ ಕಲ್ಲಿನ ಸಂದಿಯಲ್ಲಿ ಬಚ್ಚಿಟ್ಟು ಬಂದೆಯಲ್ಲ, ಅಂಥ ಮೊಗ್ಗು. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡ. ನಿನ್ನ ವಯಸ್ಸಿನಲ್ಲಿ ನಾನೂ ಅದೇ ಸಂದಿಯಲ್ಲಿ ಬಚ್ಚಿಡುತ್ತಿದ್ದೆ. ಬೈಯುವುದಿಲ್ಲ, ಹತ್ತಿರ ಬಾ.

ಆಗಿನ ಗಿಡಗಳು ಒಂದು ಮುಂಜಾನೆ ನೆಲ ಸೀಳಿಕೊಂಡು ಪೂರ್ತಿಯಾಗಿ ಎದ್ದು ನಿಲ್ಲುತ್ತಿದ್ದವು. ಕಾಂಡ, ಎಲೆ, ಹೂವು, ಎಲ್ಲವೂ ಒಂದೇ ಸಲಕ್ಕೆ. ತಮ್ಮ ಹತ್ತಿರ ಇದ್ದಬದ್ದದ್ದನ್ನೆಲ್ಲ ಅವತ್ತೇ ತೊಟ್ಟುಕೊಂಡು ಬಿಡುತ್ತಿದ್ದವು. ಹಬ್ಬಕ್ಕೆ ತಂದ ಎರಡು ಅಂಗಿಗಳನ್ನೂ ಒಂದರ ಮೇಲೊಂದು ಹಾಕಿಕೊಂಡು ಬೀದಿಯೆಲ್ಲ ತಿರುಗಿದೆಯಲ್ಲ ನೀನು, ಹಾಗೆ. ನಾಳೆಗೆ ಇರಲಿ ಎಂದು ಏನನ್ನೂ ಎತ್ತಿಡುತ್ತಿರಲಿಲ್ಲ. ಎತ್ತಿಡುವುದು ಹೇಗೆ ಎಂದೇ ಅವಕ್ಕೆ ತಿಳಿದಿರಲಿಲ್ಲ.

ನೋಡಲು ಬಹಳ ಚೆಂದವಿತ್ತು. ಆದರೆ ಒಂದು ಎಲೆ ಬಿದ್ದರೆ ಆ ಜಾಗ ಖಾಲಿ. ಒಂದು ಹೂವು ಉದುರಿದರೆ ಆ ಜಾಗವೂ ಖಾಲಿ. ಮತ್ತೆ ಬರುವುದು ಎಂಬ ಮಾತೇ ಇರಲಿಲ್ಲ. ಮೈಮೇಲೆ ಒಂದೂ ಹೂವು ಉಳಿಯದ ಗಿಡ, ಅಂದಿನಿಂದ ಏಳನೆಯ ದಿನ ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಒಣಗಿ ಮಣ್ಣಿಗೆ ಮರಳುತ್ತಿತ್ತು. ಅದು ಆ ಕಾಲದ ಕಟ್ಟಳೆ. ಯಾರು ಮಾಡಿದ ಕಟ್ಟಳೆ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದರು.

ಒಂದು ಹಳ್ಳದ ದಂಡೆಯ ಮೇಲೆ ಒಂದು ದಾಸವಾಳದ ಗಿಡ ಎದ್ದಿತು. ಹತ್ತೊಂಬತ್ತು ಕೆಂಪು ಹೂವು, ಮೈತುಂಬ ಹೊಳೆಯುವ ಎಲೆ. ಅದು ಎದ್ದದ್ದು ಮಳೆಗಾಲ ಮುಗಿದ ಮಾರನೆಯ ದಿನ. ನೆಲ ಇನ್ನೂ ಒದ್ದೆಯಿತ್ತು, ಹಳ್ಳ ಇನ್ನೂ ಕೆಂಪಗೆ ಹರಿಯುತ್ತಿತ್ತು, ಎಲ್ಲರ ಬಾಯಲ್ಲೂ ಮಳೆಯದೇ ಮಾತು. ದಾಸವಾಳ ಮಾತ್ರ ಮಳೆಯನ್ನು ಕಂಡಿರಲಿಲ್ಲ. ಕಪ್ಪೆಯನ್ನು ಕೇಳಿತು, ಕಲ್ಲನ್ನು ಕೇಳಿತು, ಮಳೆ ಎಂದರೆ ಹೇಗಿರುತ್ತದೆ ಎಂದು. ಎಲ್ಲರೂ ಒಂದೊಂದು ಥರ ಹೇಳಿದರು. ಒಂದು ಸಲ ತಾನೇ ನೋಡಬೇಕು ಎಂದು ಅದಕ್ಕೆ ಬಹಳ ಆಸೆಯಾಯಿತು.

ಆಗ ಗಾಳಿ ಓಡಿಬಂತು.

ಗಾಳಿಗೆ ಕೆಟ್ಟ ಮನಸ್ಸಿರಲಿಲ್ಲ, ಕೈಕಾಲು ಮಾತ್ರ ಹತೋಟಿಯಲ್ಲಿರಲಿಲ್ಲ. ಕೆಂಪು ಹೂವು ಕಂಡದ್ದೇ ಅದಕ್ಕೆ ಖುಷಿ ತಡೆಯಲಾಗಲಿಲ್ಲ. ಕುಣಿಯೋಣ ಬಾ ಎಂದು ಕರೆಯಿತು. ದಾಸವಾಳವೂ ಹೊಸದು, ಅದಕ್ಕೂ ಕುಣಿಯುವ ಉಮೇದು. ಎರಡೂ ಕುಣಿದವು. ಎಡಕ್ಕೆ ಬಾಗಿದವು, ಬಲಕ್ಕೆ ಬಾಗಿದವು, ಗಿರ್ರನೆ ತಿರುಗಿದವು. ಗಾಳಿ ಇನ್ನಷ್ಟು ಜೋರು ಮಾಡಿತು. ಮಧ್ಯಾಹ್ನದ ಹೊತ್ತಿಗೆ ಕುಣಿತ ಮುಗಿದು ತಿರುಗಿ ನೋಡಿದರೆ ಗಿಡದ ಮೇಲೆ ಒಂದು ಎಲೆ ಇಲ್ಲ, ಒಂದು ಹೂವು ಇಲ್ಲ. ದಂಡೆಯ ಮೇಲೆ ನಿಂತಿದ್ದದ್ದು ಬರೀ ಕೋಲು.

ದಾಸವಾಳ ಅಳಲಿಲ್ಲ. ತನ್ನ ಮೈಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿಕೊಂಡಿತು.

“ಒಂದು ಮಳಿ ನೋಡಿ ಹೋಗಬೇಕಂತ ಮಾಡಿದ್ನಿ,” ಎಂದಿತು, ಅಷ್ಟೇ.

ಆಗ ಗಾಳಿಗೆ ತಾನು ಮಾಡಿದ್ದು ತಿಳಿಯಿತು. ಓಡಿಹೋಗಿ ಹಳ್ಳವನ್ನು ಹಿಡಿದು ನಿಲ್ಲಿಸಿ, ಏನು ಮಾಡಲಿ ಎಂದು ಕೇಳಿತು. ಹಳ್ಳಕ್ಕೆ ಊರೂರಿನ ಸುದ್ದಿ ಗೊತ್ತು. ಕೆಳಗಿನ ಊರಿನಲ್ಲಿ ಸಾಂತವ್ವ ಎಂಬ ಮುದುಕಿ ಇದ್ದಾಳೆ, ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾಳೆ, ಹರಿದದ್ದು ಏನೇ ತಂದರೂ ಇಲ್ಲ ಎಂದು ಕಳಿಸಿದವಳಲ್ಲ, ಎಂದು ಹೇಳಿತು.

ಈಗ ಸಾಂತವ್ವನ ವಿಷಯ ಸ್ವಲ್ಪ ಹೇಳುತ್ತೇನೆ. ಕೌದಿ ಗೊತ್ತಲ್ಲ ನಿನಗೆ, ಚಳಿಗಾಲದಲ್ಲಿ ನಾನೊಂದು ತುದಿ ನೀನೊಂದು ತುದಿ ಎಳೆದಾಡುತ್ತೇವಲ್ಲ, ಅದೇ. ಸಾಂತವ್ವ ಅಂಥ ಕೌದಿಗಳನ್ನು ಲೆಕ್ಕವಿಲ್ಲದಷ್ಟು ಹೊಲಿದಿದ್ದಳು. ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಆದರೂ ಹೊಲಿಗೆ ಒಂದು ಎಳೆ ಅತ್ತಿತ್ತ ಆಗುತ್ತಿರಲಿಲ್ಲ, ಏಕೆಂದರೆ ಅವಳು ನೋಡುತ್ತಿದ್ದದ್ದು ಬೆರಳಿನಿಂದ. ಬಾಯಿ ಒಂದು ಕಡೆ ಮಾತಾಡುತ್ತಿದ್ದರೆ ಬೆರಳು ಇನ್ನೊಂದು ಕಡೆ ಕೆಲಸ ಮುಗಿಸುತ್ತಿತ್ತು.

ಅವಳದೊಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಕೌದಿಯ ನಾಲ್ಕೂ ಮೂಲೆಗೆ ಒಂದೊಂದು ಬಟ್ಟೆಯ ಹೂವು ಇಡಬೇಕು. ಹೂವು ಎಂದರೆ ಅರಳಿದ ಹೂವಲ್ಲ. ಒಂದು ಬಣ್ಣದ ಚಿಂದಿಯನ್ನು ಮಡಿಚಿ, ಮತ್ತೆ ಮಡಿಚಿ, ಇನ್ನೊಮ್ಮೆ ಮಡಿಚಿ, ಒಳಗೆ ಒಂದು ಚಿಟಿಕೆ ನವಣೆ ಇಟ್ಟು, ತಿರುಚಿ, ಮೂಲೆಗೆ ಒತ್ತಿ ಹೊಲಿದುಬಿಡುವುದು. ನವಣೆ ಯಾಕೆ ಎಂದರೆ, ಹೊದ್ದವರೂ ಹಸಿದಿರಬಾರದು, ಕೌದಿಯೂ ಹಸಿದಿರಬಾರದು. ಆ ಹೂವಿಗೆ ಅವಳು ಮೂಲೆ ಎಂದೇ ಹೇಳುತ್ತಿದ್ದಳು. ಮೂಲೆಯಿಲ್ಲದ ಕೌದಿ ಬತ್ತಲೆ ಎನ್ನುತ್ತಿದ್ದಳು ಸಾಂತವ್ವ. ಒಂದು ಸಲ ಯಾರಿಗೋ ಕೊಟ್ಟ ಕೌದಿಯಲ್ಲಿ ಒಂದು ಮೂಲೆ ಮರೆತಿದ್ದಳಂತೆ. ನೆನಪಾದದ್ದೇ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು, ಮೂರು ಊರು ನಡೆದುಹೋಗಿ, ಮಲಗಿದ್ದವನ ಮೈಮೇಲಿಂದ ಕೌದಿ ಎಳೆದುಕೊಂಡು ಮೂಲೆ ಹೊಲಿದು ಬಂದಳಂತೆ.

ಮೂಲೆ ಒಮ್ಮೆ ಹೊಲಿದ ಮೇಲೆ ಅದನ್ನು ಬಿಚ್ಚುವ ಹಾಗಿಲ್ಲ. ಅದೂ ಅವಳ ಪದ್ಧತಿಯೇ.

ಗಾಳಿ ಅವಳ ಅಂಗಳಕ್ಕೆ ನುಗ್ಗಿ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿತು. ಅಂಗಳದಲ್ಲಿ ಒಣಹಾಕಿದ್ದ ಚಿಂದಿಗಳೆಲ್ಲ ಹಾರಾಡಿದವು. ಸಾಂತವ್ವ ಎರಡು ಕೈಯಲ್ಲಿ ಅವನ್ನು ಹಿಡಿದು ಮೊಣಕಾಲ ಕೆಳಗೆ ಒತ್ತಿಕೊಂಡು, ಪೂರ್ತಿ ಕೇಳಿದಳು.

“ಹರಿದದ್ದು ತಂದ್ರ ಹೊಲಿತೀನಿ,” ಎಂದಳು. “ಯಾರು ಹರಿದ್ರು ಅಂತ ನಾ ಕೇಳೂದಿಲ್ಲ. ಆದ್ರ ಹಾರಿಸಿದ್ದೆಲ್ಲಾ ನೀನ ಆರಿಸಿ ತರಬೇಕು ನೋಡು.”

ಗಾಳಿ ಹುಟ್ಟಿದಂದಿನಿಂದ ಒಯ್ದದ್ದೇ ಹೊರತು ಒಂದನ್ನೂ ವಾಪಸು ತಂದದ್ದಿಲ್ಲ. ಆದರೂ ಹೊರಟಿತು. ಎರಡು ದಿನ ಹೊಲ, ಗುಡ್ಡ, ಪೊದೆಯೆಲ್ಲ ಹುಡುಕಿ ಹೊತ್ತು ತಂದು ಸಾಂತವ್ವನ ಮುಂದೆ ಸುರಿಯಿತು. ಅವಳು ಬೆರಳಾಡಿಸಿ ನೋಡಿದರೆ ಅದರಲ್ಲಿ ಬೇವಿನ ಎಲೆ, ಗೀಜಗನ ಗೂಡಿನ ಹುಲ್ಲು, ಯಾರದೋ ಟೊಪ್ಪಿಗೆ, ಒಂದು ಸಿಟ್ಟಾದ ಜೀರುಂಡೆ. ಇಂವಗ ದಾಸವಾಳದ ಎಲಿ ಯಾವುದು ಅಂತಾನೂ ಗೊತ್ತಿಲ್ಲ ಎಂದು ಸಾಂತವ್ವ ಹಣೆ ಬಡಿದುಕೊಂಡು ನಕ್ಕಳು. ಜೀರುಂಡೆಯ ಕ್ಷಮೆ ಕೇಳಿ ಕಳಿಸಿ, ಉಳಿದದ್ದನ್ನು ಆರಿಸಿದಳು. ಎಲೆಗಳು ಹೆಚ್ಚು ಕಡಿಮೆ ಎಲ್ಲ ಸಿಕ್ಕಿದ್ದವು. ಹೂವು ಮಾತ್ರ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಬರೀ ಕೆಂಪು ಚಿಂದಿ.

ಇರಲಿ, ಚಿಂದಿಯೇ ತನ್ನ ಕಸುಬು ಎಂದಳು ಸಾಂತವ್ವ. ಮೊದಲು ಎಲೆಗಳನ್ನು ಕಾಂಡಕ್ಕೆ ಹೊಲಿಯುವುದು, ಆಮೇಲೆ ಕೆಂಪು ಚಿಂದಿಯನ್ನೆಲ್ಲ ಕೂಡಿಸಿ ನೆತ್ತಿಯ ಮೇಲೆ ಒಂದು ದೊಡ್ಡ ಹೂವು ಮಾಡುವುದು. ಒಂದು ಹೂವು ಇದ್ದರೂ ಸಾಕಲ್ಲ, ಗಿಡ ಒಣಗುವುದಿಲ್ಲ. ಜಾಲಿಯ ಮುಳ್ಳಿನ ಸೂಜಿ, ನಾರಿನ ದಾರ, ಒಂದಿಷ್ಟು ಹಸಿರು ಚಿಂದಿ, ಹಸಿರು ನೂಲು, ಸೊಂಟದಲ್ಲಿ ನವಣೆಯ ಚೀಲ, ಇಷ್ಟು ತೆಗೆದುಕೊಂಡು ಹಳ್ಳದ ದಂಡೆಗೆ ಬಂದು, ಒಂದು ಕಲ್ಲಿನ ಮೇಲೆ ಕೂತು, ಕೆಂಪು ಚಿಂದಿಯನ್ನು ಮಡಿಲಲ್ಲಿ ಹಾಕಿಕೊಂಡು ಹೊಲಿಗೆ ಶುರುಮಾಡಿದಳು. ಅದು ಮೂರನೆಯ ದಿನ.

ಹೊಲಿಯುವಾಗ ದಾಸವಾಳ ಅವಳನ್ನೂ ಅದೇ ಪ್ರಶ್ನೆ ಕೇಳಿತು. ಮಳೆ ಎಂದರೆ ಹೇಗಿರುತ್ತದೆ?

ಅಲ್ಲಿಗೆ ಮುಗಿಯಿತು. ಸಾಂತವ್ವನಿಗೆ ಮಳೆಯ ವಿಷಯ ಸಿಕ್ಕರೆ ಬಾಯಿಗೆ ಬಿಡುವೇ ಇಲ್ಲ. ಮೊದಲ ಹನಿ ಬಿದ್ದಾಗ ಮಣ್ಣು ಹೇಗೆ ಘಮ್ಮೆನ್ನುತ್ತದೆ, ಮಾಡಿನಿಂದ ಇಳಿಯುವ ನೀರಿಗೆ ಕೈಯೊಡ್ಡಿದರೆ ಹೇಗೆ ಕಚಗುಳಿಯಾಗುತ್ತದೆ, ಮದುವೆಯ ದಿನ ಮಳೆ ಬಂದು ಬೀಗರೆಲ್ಲ ದನದ ಕೊಟ್ಟಿಗೆಯಲ್ಲಿ ಉಂಡದ್ದು ಹೇಗೆ, ಎಲ್ಲ ಹೇಳಿದಳು. ದಾಸವಾಳ ಮೈಯೆಲ್ಲ ಕಿವಿಯಾಗಿ ಕೇಳಿತು. ಬಾಯಿ ಮಳೆ ಸುರಿಸುತ್ತಿತ್ತು, ಬೆರಳು ಹೊಲಿಯುತ್ತಿತ್ತು.

ಬೆರಳು ಏನು ಮಾಡಿತು ಗೊತ್ತೇ? ಕಾಂಡಕ್ಕೆ ಎಲೆ ಹೊಲಿದಾಗ ಅಲ್ಲೊಂದು ಮೂಲೆಯಾಗುತ್ತದಲ್ಲ, ಎಲೆಯ ಕಂಕುಳು ಎನ್ನುತ್ತೇವಲ್ಲ, ಆ ಮೂಲೆ ಬೆರಳಿಗೆ ತಗುಲಿತು. ಮೂಲೆ ತಗುಲಿದ ಮೇಲೆ ಸಾಂತವ್ವನ ಬೆರಳು ಸುಮ್ಮನಿರುವುದುಂಟೇ? ಮಡಿಲಿಗೆ ಹೋಯಿತು, ಒಂದು ಕೆಂಪು ಚಿಂದಿ ತೆಗೆಯಿತು. ಮಡಿಚಿತು, ಮತ್ತೆ ಮಡಿಚಿತು, ಇನ್ನೊಮ್ಮೆ ಮಡಿಚಿತು. ಒಳಗೆ ಒಂದು ಚಿಟಿಕೆ ನವಣೆ ಇಟ್ಟಿತು. ತಿರುಚಿತು. ಬಿಚ್ಚಿಕೊಳ್ಳದಿರಲಿ ಎಂದು ಮೇಲೊಂದು ಹಸಿರು ಚಿಂದಿ ಸುತ್ತಿ, ಅದರ ಬುಡಕ್ಕೆ ಸಣ್ಣ ಹಸಿರು ನೂಲುಗಳನ್ನು ಕಟ್ಟಿ, ಎಲೆಯ ಕಂಕುಳಲ್ಲಿ ಒತ್ತಿ ಹೊಲಿದುಬಿಟ್ಟಿತು. ಒಂದು ಎಲೆ, ಒಂದು ಮೂಲೆ. ಇನ್ನೊಂದು ಎಲೆ, ಇನ್ನೊಂದು ಮೂಲೆ. ಕೆಳಗಿನ ಕೆಲವು ಮೂಲೆಗಳಿಗೆ ಬರುವಾಗ ಕೆಂಪು ಸಿಗದೆ, ಬರೀ ಹಸಿರು ಚಿಂದಿಯನ್ನೇ ಮಡಿಚಿ ಇಟ್ಟಿತು.

ಐದನೆಯ ದಿನ ಸೂರ್ಯ ಇಳಿಯುವ ಹೊತ್ತಿಗೆ ಕೊನೆಯ ಎಲೆಯೂ ಮುಗಿಯಿತು. ಇನ್ನು ನೆತ್ತಿಯ ಹೂವು ಎಂದು ಸಾಂತವ್ವ ಮಡಿಲಿಗೆ ಕೈಹಾಕಿದಳು. ಮಡಿಲು ಖಾಲಿ. ಕಲ್ಲಿನ ಸುತ್ತ ತಡಕಾಡಿದಳು. ಆಮೇಲೆ ಗಿಡದ ಮೈ ಸವರಿದಳು. ಎಲೆಯೆಲೆಗೂ ಒಂದೊಂದು ಗಂಟು ಬೆರಳಿಗೆ ಸಿಕ್ಕಿತು.

ಆಗ ಅವಳಿಗೆ ತಿಳಿಯಿತು. ಬದುಕಿಡೀ ಕೌದಿ ಹೊಲಿದ ಕೈ, ಗಿಡವನ್ನೂ ಕೌದಿ ಎಂದುಕೊಂಡಿತ್ತು. ಅರಳಿಸಬೇಕಾಗಿದ್ದ ಕೆಂಪನ್ನೆಲ್ಲ ಮಡಿಚಿ ಮೂಲೆಗೆ ಸೇರಿಸಿಬಿಟ್ಟಿತ್ತು. ಗಿಡದ ಮೇಲೆ ಹೂವು ಎಂಬುದು ಒಂದೂ ಇಲ್ಲ, ಉಳಿದಿರುವುದು ಎರಡೇ ದಿನ. ಸಾಂತವ್ವನಿಗೆ ಅಳುವೇ ಬಂತು. ಅವಳು ಯಾರ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ.

“ತಪ್ಪು ನಂದು, ಮಗಾ,” ಎಂದಳು ದಾಸವಾಳಕ್ಕೆ. “ಬಿಚ್ಚೋಣಂದ್ರ ಮೂಲಿ ಬಿಚ್ಚೂ ಹಂಗಿಲ್ಲ. ಒಳಗ ಕಾಳು ಇಟ್ಟೀನಿ. ಇಟ್ಟ ಮ್ಯಾಲೆ ತಗೊಂಡ್ರ, ಉಣ್ಣೋರ ಬಾಯಿಂದ ತುತ್ತು ಕಸಗೊಂಡಂಗ.”

ಮೂಲೆಗಳಲ್ಲಿ ಏನೋ ಬೆಚ್ಚಗಿದೆ, ಇರಲಿ ಬಿಡು ಅವ್ವಾ, ಎಂದಿತು ದಾಸವಾಳ. ಅದು ಅವಳನ್ನು ಸಮಾಧಾನ ಮಾಡಲು ಹೇಳಿದ್ದೋ ನಿಜವಾಗಿಯೂ ಬೆಚ್ಚಗಿತ್ತೋ, ಅವತ್ತು ಯಾರಿಗೂ ಗೊತ್ತಾಗಲಿಲ್ಲ.

ಗಾಳಿಗೆ ಮಾತ್ರ ತಾಳ್ಮೆ ಎಲ್ಲಿಂದ ಬರಬೇಕು? ಸಾಂತವ್ವ ಕಣ್ಣೊರೆಸಿಕೊಳ್ಳಲು ಆ ಕಡೆ ತಿರುಗಿದ್ದೇ ತಡ, ಒಂದು ಗಂಟನ್ನು ಉಗುರಿನಿಂದ ಕೆದಕಿ ಬಿಚ್ಚಿಯೇ ಬಿಟ್ಟಿತು. ಒಳಗೆ ಹೂವು ಇರಲಿಲ್ಲ. ಮುದುಡಿದ, ಬಣ್ಣವಿಲ್ಲದ, ಒದ್ದೆಯಾದ ಏನೋ ಒಂದು ಇತ್ತು. ಗಾಳಿ ಅದನ್ನು ಮತ್ತೆ ಮಡಿಚಲು ನೋಡಿತು. ಬರಲಿಲ್ಲ. ಅದು ಕೆಳಗೆ ಬಿದ್ದು ಸತ್ತುಹೋಯಿತು. ಗಾಳಿ ಅದನ್ನು ಒಂದು ಕಲ್ಲಿನ ಸಂದಿಯಲ್ಲಿ ಬಚ್ಚಿಟ್ಟಿತು. ನನ್ನ ಕಡೆ ಯಾಕೆ ಹಾಗೆ ನೋಡುತ್ತೀಯ ಪಾರಿ? ನಾನು ಗಾಳಿಯ ವಿಷಯ ಹೇಳುತ್ತಿದ್ದೇನೆ.

ಸಾಂತವ್ವನಿಗೆ ಸದ್ದಿನಿಂದಲೇ ಗೊತ್ತಾಯಿತು. ಗಾಳಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ನಾ ಹೊಲಿದದ್ದು ನಾನ ಬಿಚ್ಚೂದಿಲ್ಲ,” ಎಂದಳು. “ನೀ ಯಾಕ ಬಿಚ್ಚತಿ? ಒಳಗಿದ್ದೋರು ತಾವ ಬಿಚ್ಚಲಿ.”

ಆರನೆಯ ದಿನ ಇನ್ನೂ ದೊಡ್ಡ ಅನಾಹುತವಾಯಿತು. ಸಾಂತವ್ವ ನೀರು ತರಲು ಹಳ್ಳಕ್ಕೆ ಇಳಿದಿದ್ದಳು. ಮೇಲಿನ ದಂಡೆಯಿಂದ ಒಂದು ಆಡು ಬಂತು. ಆಡು ಆಗಲೂ ಹೀಗೆಯೇ ಇತ್ತು, ಗಡ್ಡವೂ ಇಷ್ಟೇ, ನಾಚಿಕೆಯೂ ಇಷ್ಟೇ. ಗಿಡದ ನೆತ್ತಿಯನ್ನು, ಅಲ್ಲಿದ್ದ ಎಳೆಯ ಎಲೆಗಳ ಸಮೇತ, ಕಚಕ್ಕನೆ ಕಚ್ಚಿ ತಿಂದುಬಿಟ್ಟಿತು. ಗಾಳಿ ಬೊಬ್ಬೆ ಹಾಕಿತು. ಸಾಂತವ್ವ ಕೊಡ ಬಿಟ್ಟು ಓಡಿಬಂದಳು. ನೀನೇನು ತಿಂದೆ ಗೊತ್ತೇನು ಎಂದು ಕೇಳಿದರೆ, ತುದಿ ಮೆತ್ತಗಿತ್ತು, ಉಪ್ಪು ಸ್ವಲ್ಪ ಕಡಿಮೆ, ಎಂದು ಹೇಳಿ ಆಡು ಬಾಯಿ ಒರೆಸಿಕೊಂಡು ಹೋಯಿತು.

ಈಗ ನೆತ್ತಿಯೂ ಇಲ್ಲ. ಹೂವು ಇಡುವುದಕ್ಕೆ ಜಾಗವೇ ಇಲ್ಲ. ಸಾಂತವ್ವ ಕಲ್ಲಿನ ಮೇಲೆ ಕೂತಳು. ಮಾಡಲು ಏನೂ ಉಳಿದಿರಲಿಲ್ಲ, ಎದ್ದುಹೋಗಲು ಮನಸ್ಸಾಗಲಿಲ್ಲ. ಗಿಡ ಮತ್ತೆ ಕೇಳಿತು, ಮದುವೆಯ ದಿನದ ಮಳೆಯ ಕತೆ ಇನ್ನೊಮ್ಮೆ ಹೇಳು ಎಂದು. ಅವಳು ಹೇಳಿದಳು. ಈ ಸಲ ಬೀಗರು ಉಣ್ಣುತ್ತಿದ್ದಾಗ ಕರು ಬಂದು ಹೋಳಿಗೆ ತಿಂದದ್ದನ್ನೂ ಸೇರಿಸಿದಳು. ದಾಸವಾಳ ನಕ್ಕಿತು.

ಗಿಡದೊಳಗೆ ಆ ಹೊತ್ತಿಗೆ ಬೇರೆಯೇ ಒಂದು ಸಂಗತಿ ನಡೆಯುತ್ತಿತ್ತು. ಬೇರಿನ ಹತ್ತಿರವಿದ್ದ ನೀರು ದಿನಾ ಮಾಡುವಂತೆ ಮೇಲಕ್ಕೆ ಹೊರಟಿತು. ಅದಕ್ಕೆ ಗೊತ್ತಿದ್ದದ್ದು ಒಂದೇ ದಾರಿ, ನೇರ ನೆತ್ತಿಗೆ. ಹೋಗಿ ನೋಡಿದರೆ ನೆತ್ತಿಯೇ ಇಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಇಳಿಯುವಾಗ ಒಂದು ಎಲೆಯ ಕಂಕುಳಲ್ಲಿ ಏನೋ ಗಂಟು ಕಂಡಿತು. ಅಷ್ಟು ದಿನ ಅವಸರದಲ್ಲಿ ಓಡಾಡಿ ಅದನ್ನು ನೋಡಿಯೇ ಇರಲಿಲ್ಲ. ಬಾಗಿಲು ತಟ್ಟಿತು.

“ಒಳಗ ಯಾರದೀರಿ?” ಎಂದು ಕೇಳಿತು.

“ನವಣಿ,” ಎಂದಿತು ಒಳಗಿನಿಂದ ಒಂದು ಸಣ್ಣ ದನಿ. “ಬಾಯಾರಿಕಿ ಆಗೈತಿ.”

ನೀರು ಒಳಕ್ಕೆ ಹೋಯಿತು. ಒಂದು ಮೂಲೆಗಲ್ಲ, ಸಿಕ್ಕ ಮೂಲೆಗೆಲ್ಲ. ನೀರು ಕುಡಿದ ಕಾಳು ಏನಾಗುತ್ತದೆ? ಉಬ್ಬುತ್ತದೆ. ಕಾಳು ಉಬ್ಬಿದರೆ ಸುತ್ತ ಇರುವ ಚಿಂದಿಯೂ ಹಿಗ್ಗಬೇಕು. ಚಿಂದಿ ಹಿಗ್ಗಿದರೆ ಮೇಲಿನ ಹಸಿರು ಬಟ್ಟೆಯೂ ಜಾಗ ಬಿಡಬೇಕು.

“ಅವ್ವಾ,” ಎಂದಿತು ದಾಸವಾಳ ಮುಸ್ಸಂಜೆಗೆ, “ಕಂಕುಳಾಗ ಕಚಗುಳಿ ಇಟ್ಟಂಗ ಆಗಾಕತ್ತೈತಿ.”

ಸಾಂತವ್ವ ಬೆರಳಿನಿಂದ ಮುಟ್ಟಿ ನೋಡಿದಳು. ನಿನ್ನೆ ಗಟ್ಟಿಯಾಗಿದ್ದ ಗಂಟು ಇವತ್ತು ತುಂಬಿಕೊಂಡಿತ್ತು. ತುದಿ ಸ್ವಲ್ಪ ಮುಂದಕ್ಕೆ ಬಂದಿತ್ತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಗಾಳಿಗೆ ಹೇಳಿದ್ದನ್ನು ತಾನೂ ಪಾಲಿಸಬೇಕಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

ಏಳನೆಯ ದಿನ ಬೆಳಗಾಯಿತು. ಸೂರ್ಯನಿಗೂ ಆ ಕಟ್ಟಳೆ ಗೊತ್ತಿತ್ತು. ಅವನೂ ಅವತ್ತು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ಆಗಾಗ ಒಂದು ಮೋಡದ ಹಿಂದೆ ಸುಮ್ಮನೆ ನಿಂತು, ಆದಷ್ಟು ನಿಧಾನವಾಗಿ ಏರಿದ. ಆದರೆ ಏರಲೇಬೇಕಲ್ಲ. ಗಿಡದ ಮೇಲೆ ಹಸಿರೇ ಹಸಿರು. ಹಳ್ಳ ಮಾತು ನಿಲ್ಲಿಸಿತ್ತು. ಕಪ್ಪೆ ದಂಡೆಗೆ ಬಂದು ಕೂತಿತ್ತು. ಆಡು ಕೂಡ ಮೆಲುಕು ಹಾಕುವುದನ್ನು ಬಿಟ್ಟು ದೂರದಲ್ಲಿ ನಿಂತು ನೋಡುತ್ತಿತ್ತು.

ಸೂರ್ಯ ನೆತ್ತಿಗೆ ಬರಲು ಇನ್ನೊಂದು ಗೇಣು ಇತ್ತು. ಕಡಿದ ತುದಿಯ ಕೆಳಗಿನ ಒಂದು ಮೂಲೆಯಲ್ಲಿ ಹಸಿರು ಬಟ್ಟೆ ಸೀಳಿತು. ಕೂದಲೆಳೆಯಷ್ಟು ಕೆಂಪು ಕಂಡಿತು.

ಗಾಳಿ ಅದನ್ನು ಕಂಡು ಓಡಿಬಂತು. ಅರ್ಧ ದಾರಿಯಲ್ಲಿ ಅದಕ್ಕೆ ಕಲ್ಲಿನ ಸಂದಿ ನೆನಪಾಯಿತು. ಒಂದು ಉಸಿರು ತಗುಲಿದರೂ ಆ ಎಳೆಯ ಕೆಂಪು ಹರಿದುಹೋಗಬಹುದು ಎಂದು ಹೆದರಿತು. ಹುಟ್ಟಿದಂದಿನಿಂದ ಓಡುವುದೊಂದೇ ಕಲಿತಿದ್ದ ಗಾಳಿ ತನ್ನ ಮೈಯನ್ನೆಲ್ಲ ಬಿಗಿಹಿಡಿಯಿತು. ಅವತ್ತು ಮೊದಲ ಸಲ ಅದಕ್ಕೆ ನಿಲ್ಲಲು ಬಂತು. ಬೆಟ್ಟದಿಂದ ಹಳ್ಳದವರೆಗೆ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ.

ಕೆಂಪು ತಿರುಚು ನಿಧಾನವಾಗಿ ಬಿಚ್ಚಿಕೊಂಡಿತು. ಒಂದು ಮಡಿಕೆ ಬಿಚ್ಚಿತು, ಇನ್ನೊಂದು ಮಡಿಕೆ ಬಿಚ್ಚಿತು, ಮತ್ತೂ ಒಂದು ಬಿಚ್ಚಿತು. ಸಾಂತವ್ವ ಮಡಿಚಿದ್ದನ್ನು ಯಾರೋ ಒಳಗಿನಿಂದ ಒಂದೊಂದಾಗಿ ಹಿಂದಕ್ಕೆ ಎಣಿಸುತ್ತಿದ್ದ ಹಾಗಿತ್ತು. ಅಂಗೈಗಿಂತ ದೊಡ್ಡದಾದ ಒಂದು ಹೂವು ಗಿಡದ ಮೇಲೆ ಅರಳಿ ನಿಂತಿತು. ನಡುವಿನಿಂದ ಒಂದು ಉದ್ದನೆಯ ಕೇಸರ ಹೊರಗೆ ಬಂತು. ಅದರ ತುದಿಯ ಸುತ್ತ ಹಳದಿ ಕಾಳುಗಳು, ಒಂದು ಚಿಟಿಕೆಯಷ್ಟು, ಚೆಲ್ಲಿಕೊಂಡು ಹೊಳೆದವು. ಸಾಂತವ್ವ ಇಟ್ಟ ನವಣೆ ಎಲ್ಲಿಗೂ ಹೋಗಿರಲಿಲ್ಲ.

ಸೂರ್ಯ ನೆತ್ತಿಗೆ ಬಂದ. ಕಟ್ಟಳೆ ಬಂದು ನೋಡಿತು. ಗಿಡದ ಮೇಲೆ ಹೂವು ಇತ್ತು. ಕಟ್ಟಳೆ ಸುಮ್ಮನೆ ಹೋಯಿತು.

ಸಾಂತವ್ವನ ಮಂಜುಗಣ್ಣಿಗೂ ಆ ಕೆಂಪು ಕಂಡಿತು. ಅವಳು ಎದ್ದು ಸೆರಗು ಸಿಕ್ಕಿಸಿಕೊಂಡು ಕುಣಿದಳು. ಅವಳ ವಯಸ್ಸಿಗೆ ಅದು ಕುಣಿತವೇ. ಕಪ್ಪೆ ಹಾರಿತು. ಹಳ್ಳ ಅಷ್ಟು ಹೊತ್ತು ತಡೆಹಿಡಿದಿದ್ದ ಮಾತನ್ನೆಲ್ಲ ಒಂದೇ ಸಲ ಆಡಿತು. ಗಾಳಿ ಮಾತ್ರ ಅಲ್ಲಿ ಇರಲಿಲ್ಲ. ಎಲ್ಲಿ ಹೋಯಿತು ಎಂದು ಎಲ್ಲರೂ ಹುಡುಕುತ್ತಿದ್ದಾಗ, ಪಡುವಣದ ಕಡೆಯಿಂದ ಏದುಸಿರು ಬಿಡುತ್ತಾ ಬಂತು. ಹಿಂದೆ ಒಂದು ಕಪ್ಪು ಮೋಡವನ್ನು ದರದರ ಎಳೆದುಕೊಂಡು ಬರುತ್ತಿತ್ತು. ನಾನು ಇನ್ನು ಎಂಟು ತಿಂಗಳು ಬರುವಂತಿಲ್ಲ ಎಂದು ಮೋಡ ಗೊಣಗುತ್ತಿತ್ತು. ಗಾಳಿ ಕೇಳಲಿಲ್ಲ.

ಮಳೆ ಬಂತು. ಮೊದಲ ಹನಿ ದಾಸವಾಳದ ಹೂವಿನ ಮೇಲೆಯೇ ಬಿತ್ತು. ಮಣ್ಣು ಘಮ್ಮೆಂದಿತು. ಗಿಡ ತನ್ನ ಎಲ್ಲ ಎಲೆಗಳನ್ನೂ ಒಡ್ಡಿಕೊಂಡು ನಿಂತಿತು, ಸಾಂತವ್ವನೂ ಪಕ್ಕದಲ್ಲಿ ನೆನೆಯುತ್ತಾ ನಿಂತಳು. ಹೇಗಿದೆ ಎಂದು ಅವಳು ಕೇಳಿದಳು.

“ನೀ ಹೇಳಿದ್ದಕ್ಕಿಂತಾ ಚಲೋ ಐತಿ,” ಎಂದಿತು ದಾಸವಾಳ. “ಆದ್ರ ನೀ ಹೇಳಿದ್ದೂ ಚಲೋ ಇತ್ತು.”

ಸಂಜೆಗೆ ಆ ಹೂವು ಮುದುಡಿತು. ಗಾಳಿ ಹೆದರಿತು. ದಾಸವಾಳ ಹೆದರಲಿಲ್ಲ. ನಾಳೆಯದು ಈ ಮೂಲೆಯಲ್ಲಿದೆ, ನಾಡಿದ್ದಿನದು ಆ ಮೂಲೆಯಲ್ಲಿದೆ ಎಂದು ತೋರಿಸಿತು. ಹಾಗೆಯೇ ಆಯಿತು. ದಿನಕ್ಕೊಂದು ಮೂಲೆ ಬಿಚ್ಚಿತು. ಬರೀ ಹಸಿರು ಚಿಂದಿ ಇಟ್ಟಿದ್ದ ಮೂಲೆಗಳಿಂದ ಹೊಸ ಕೊಂಬೆಗಳು ಬಂದವು. ಆಡು ಒಂದು ನೆತ್ತಿ ತಿಂದಿದ್ದಕ್ಕೆ ಗಿಡಕ್ಕೆ ನಾಲ್ಕು ನೆತ್ತಿಯಾಯಿತು. ಆಡಿಗೆ ಅದು ಇವತ್ತಿಗೂ ಅರ್ಥವಾಗಿಲ್ಲ.

ಹೊಸ ಕೊಂಬೆಗೆ ಹೊಸ ಎಲೆ ಬಂತು. ಆ ಎಲೆಯ ಕಂಕುಳಿಗೆ ಮೂಲೆ ಹೊಲಿಯೋಣ ಎಂದು ಸಾಂತವ್ವ ಸೂಜಿ ಹಿಡಿದು ಬಂದಳು. ಮುಟ್ಟಿ ನೋಡಿದರೆ ಅಲ್ಲಿ ಆಗಲೇ ಒಂದು ಪುಟ್ಟ ಗಂಟು ಕೂತಿತ್ತು. ಮೂರು ದಿನ ಮಳೆಯ ಕತೆ ಕೇಳುತ್ತಾ ದಾಸವಾಳ ಅವಳ ಬೆರಳುಗಳನ್ನೂ ನೋಡುತ್ತಿತ್ತು. ಮಡಿಚುವುದು, ಮತ್ತೆ ಮಡಿಚುವುದು, ಕಾಳಿಟ್ಟು ಸುತ್ತುವುದು, ಎಲ್ಲವನ್ನೂ ಕಲಿತುಬಿಟ್ಟಿತ್ತು. ಸಾಂತವ್ವ ಆ ಗಂಟನ್ನು ಬೆರಳ ತುದಿಯಿಂದ ಸವರಿ, ಹೊಲಿಗೆ ನನ್ನದಕ್ಕಿಂತ ನಯವಾಗಿದೆ ಎಂದು ಹೆಮ್ಮೆಪಟ್ಟಳು. ಆ ಗಂಟಿಗೆ ಮೊಗ್ಗು ಎಂದು ಹೆಸರಿಟ್ಟವಳೂ ಅವಳೇ.

ಆಮೇಲೆ ಉಳಿದ ಗಿಡಗಳು ಸುಮ್ಮನಿರುತ್ತವೆಯೇ? ಗಾಳಿಯ ಬಾಯಿಗೆ ಬಿದ್ದ ಸುದ್ದಿ ಮೂರು ದಿನದಲ್ಲಿ ಎಲ್ಲ ಕಡೆ ಮುಟ್ಟಿತು. ಒಂದೊಂದು ಗಿಡ ತನಗೆ ತಿಳಿದ ಹಾಗೆ ಮಡಿಚಲು ಕಲಿಯಿತು. ಮಲ್ಲಿಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಬಿಳಿಯ ಮಡಿಕೆ ಮಾಡಿತು. ತಾವರೆ ಒಂದರೊಳಗೆ ಒಂದು ಇಟ್ಟು ದೊಡ್ಡ ಮಡಿಕೆ ಮಾಡಿತು. ಬಾಳೆಗೆ ಸಣ್ಣ ಕೆಲಸ ಒಗ್ಗಲಿಲ್ಲ, ಎಲ್ಲವನ್ನೂ ಸೇರಿಸಿ ಒಂದೇ ಗಂಟು ಕಟ್ಟಿ ಕೆಳಗೆ ಇಳಿಬಿಟ್ಟಿತು. ಒಂದೊಂದೂ ಒಳಗೆ ಒಂದು ಚಿಟಿಕೆ ಇಟ್ಟುಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ. ಗಾಳಿ ಈಗಲೂ ಮೊಗ್ಗುಗಳನ್ನು ತೂಗುತ್ತದೆ, ಅಲ್ಲಾಡಿಸುತ್ತದೆ, ಕಿವಿಯಲ್ಲಿ ಏನೋ ಹೇಳುತ್ತದೆ, ಬಿಚ್ಚಲು ಹೋಗುವುದಿಲ್ಲ. ಮುಂಜಾನೆ ಹೂವು ಅರಳುವ ಹೊತ್ತಿಗೆ ಒಂದು ಗಳಿಗೆ ಎಲ್ಲವೂ ಸ್ತಬ್ಧವಾಗುತ್ತದಲ್ಲ, ಆಗ ಅದು ಮೈ ಬಿಗಿಹಿಡಿದು ನಿಂತಿರುತ್ತದೆ.

ಮುಗಿಯಿತು ಪಾರಿ, ಕಣ್ಣು ಒರೆಸಿಕೋ. ಗಾಳಿಯಂಥ ಗಾಳಿಯ ಮೇಲೆಯೇ ಗಿಡ ಸಿಟ್ಟು ಮಾಡಲಿಲ್ಲ, ನಿನ್ನ ಮೇಲೆ ಮಾಡುತ್ತದೆಯೇ? ಎದ್ದು ಬಚ್ಚಲ ಹಿಂದೆ ಹೋಗಿ ನೋಡು: ನಿನ್ನೆ ನೀನು ಕಿತ್ತ ಮೊಗ್ಗಿನ ಪಕ್ಕದ ಎಲೆಯ ಮೂಲೆಯಲ್ಲಿ, ಸಾಂತವ್ವ ಅವತ್ತು ಹೊಲಿದ ಹಾಗೆಯೇ, ಇನ್ನೊಂದು ಮೊಗ್ಗು ಈಗಲೂ ಕೂತಿದೆ.